ಅಘನಾಶಿನಿ ಹಿಡಿದು, ಮೂರನೇ ಕಂತು: ಕೆಪ್ಪ ಜೋಗದ ಕೆಳಗೆ ನಾಲ್ಕು ದಿನ

ಮೊದಲು ಲೆಕ್ಕ. ನಾಲ್ಕು ಹಗಲು, ಮೂರು ರಾತ್ರಿ. ಜಿಪಿಎಸ್ ತೋರಿಸಿದ್ದು 17 ಕಿ.ಮೀ. ಅಷ್ಟೇನಾ ಅನ್ನಬೇಡಿ. ಕೆಪ್ಪ ಜೋಗ ಅಂದರೆ ಉಂಚಳ್ಳಿ ಜಲಪಾತ, ಅದರ ಕೆಳಗಿನ ಕಣಿವೆಯಲ್ಲಿ ಒಂದು ಕಿಲೋಮೀಟರಿಗೆ ಎರಡು ತಾಸು ಬೇಕಾದ ದಿನವೂ ಇತ್ತು.

ಹಿಂದಿನ ಎರಡು ಕಂತು ಓದದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಶಿರಸಿ ಪೇಟೆಯ ಶಂಕರಹೊಂಡದಿಂದ ತದಡಿಯ ಅಳಿವೆಯವರೆಗೆ ಅಘನಾಶಿನಿಯನ್ನು ನಡೆದೇ ನೋಡಬೇಕು ಅನ್ನುವುದು ನಮ್ಮಿಬ್ಬರ ಆಸೆ. ರಸ್ತೆಯಲ್ಲಲ್ಲ, ಕಾಲುದಾರಿಯಲ್ಲೂ ಅಲ್ಲ. ಹೊಳೆಯೊಳಗೆ, ಇಲ್ಲವೇ ಹೊಳೆಯ ದಂಡೆಯಲ್ಲಿ. ಒಂದೇ ನಿಯಮ: ಸಂಜೆ ಯಾವ ಕಲ್ಲಿನ ಮೇಲೆ ನಿಲ್ಲಿಸಿದೆವೋ, ಮರುದಿನ ಅದೇ ಕಲ್ಲಿನಿಂದ ಶುರು. ನಡುವೆ ಒಂದು ಮಾರು ಕೂಡ ಬಿಡಬಾರದು.

ಜೊತೆಗಾರ ನನ್ನ ಕಾಲೇಜಿನ ಗೆಳೆಯ, ಶಿರಸಿ ಕಡೆಯ ಅಡಿಕೆ ತೋಟದವನು. ನಾನು ಅವನನ್ನು ಭಾವ ಅಂತಲೇ ಕರೆಯುವುದು. ಸಂಬಂಧ ಏನಿಲ್ಲ, ಅವನ ಊರಿನಲ್ಲಿ ಗೆಳೆಯರು ಹಾಗೆ ಕರೆದುಕೊಳ್ಳುತ್ತಾರೆ, ನನಗೂ ರೂಢಿಯಾಯಿತು. ನಾನು ಹಾವೇರಿ ಕಡೆಯವನು. ನಮ್ಮಲ್ಲಿ ಹೊಳೆ ಅಂದರೆ ಮರಳು. ಇಲ್ಲಿ ಹೊಳೆ ಅಂದರೆ ಕಲ್ಲು.

ಡಿಸೆಂಬರ್ ಮಧ್ಯಭಾಗವನ್ನೇ ಯಾಕೆ ಆರಿಸಿದೆವು ಅಂದರೆ, ನವೆಂಬರಿನಲ್ಲಿ ನೀರು ಜಾಸ್ತಿ, ಜನವರಿ ದಾಟಿದರೆ ಉಣುಗು, ಅಂದರೆ ಉಣ್ಣೆ ಹುಳ, ಜಾಸ್ತಿ. ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ರೋಗ ಅದು, ಉಂಚಳ್ಳಿ ಇರುವ ಸಿದ್ದಾಪುರ ತಾಲೂಕಿನವರಿಗೆ ಅದರ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ. ಡಿಸೆಂಬರಿನಲ್ಲೂ ಉಣುಗು ಇಲ್ಲ ಅಂತಲ್ಲ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಬೆಳಿಗ್ಗೆ, ಮಧ್ಯಾಹ್ನ ಕಾಲಿಗೆ, ಕೈಗೆ, ಕುತ್ತಿಗೆಗೆ ಹಚ್ಚಿಕೊಂಡೆವು. ದರಕಿನ (ಉದುರಿದ ಒಣ ಎಲೆಯ) ಮೇಲೆ ಕೂರಬಾರದು, ಕೂತರೆ ಬಂಡೆಯ ಮೇಲೆ ಮಾತ್ರ ಅಂತ ಭಾವ ಹೊರಡುವ ಮೊದಲೇ ಹೇಳಿದ್ದ. ರಾತ್ರಿ ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕುವುದು, ಟಾರ್ಚ್ ಹಿಡಿದು ಒಬ್ಬರ ಬೆನ್ನು ಒಬ್ಬರು ನೋಡುವುದು, ಇದು ಊಟಕ್ಕಿಂತ ಮೊದಲಿನ ಕೆಲಸ.

ಇನ್ನೊಂದು ವಿಷಯ. ಈ ಕಾಡು ಸಿಂಗಳೀಕಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಆಗಿದೆ. ಸುಮ್ನೆ ನುಗ್ಗುವ ಹಾಗಿಲ್ಲ. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು, ಅನುಮತಿ ಪಡೆದೇ ಹೋದದ್ದು. ಕಾಡಿನೊಳಗೆ ರಾತ್ರಿ ಉಳಿಯಬಾರದು, ಬೆಂಕಿ ಹಾಕಬಾರದು ಅನ್ನುವುದು ಷರತ್ತು. ಮೊದಲೆರಡು ದಿನ ಇಲಾಖೆಯ ವಾಚರ್ ಒಬ್ಬರು ಜೊತೆಗೆ ಬಂದರು. ಹಾಗಾಗಿ ದಿನಾ ಸಂಜೆ ಕಣಿವೆಯಿಂದ ಮೇಲೆ ಹತ್ತಿ ಯಾವುದಾದರೂ ಮನೆ ಸೇರಬೇಕು, ಬೆಳಿಗ್ಗೆ ಮತ್ತೆ ಅದೇ ಕಲ್ಲಿಗೆ ಇಳಿಯಬೇಕು. 17 ಕಿ.ಮೀ. ಅನ್ನುವುದರಲ್ಲಿ ಈ ಹತ್ತಿ ಇಳಿದ ಲೆಕ್ಕ ಸೇರಿಲ್ಲ.

ಮೊದಲ ದಿನ

ಹಿಂದಿನ ಸಲ ನಾವು ನಿಲ್ಲಿಸಿದ್ದು ಜಲಪಾತದ ನೆತ್ತಿಯ ಹತ್ತಿರ. ಅಲ್ಲಿಂದ ಹೊಳೆ 116 ಮೀಟರ್ ಕೆಳಗೆ ಬೀಳುತ್ತದೆ. ಅದರ ಜೊತೆ ಇಳಿಯಲು ನಮಗೆ ಸಾಧ್ಯವಿಲ್ಲ. ಹಾಗಾಗಿ ನಮ್ಮ ದಾರಿಯಲ್ಲಿ ಈ ಒಂದು ಕಡೆ ಮಾತ್ರ ಎಳೆ ಕಡಿದಿದೆ. ಅದನ್ನು ಇಲ್ಲಿ ಬರೆದಿಡುವುದು ಸರಿ ಅನ್ನಿಸಿತು.

ಹೆಗ್ಗರಣಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟು, ಪಕ್ಕದ ಗುಡ್ಡದ ಏಣು ಹಿಡಿದು ಇಳಿದೆವು. ಮೂರು ತಾಸು ಬೇಕಾಯಿತು. ಮೊದಲು ಸೊಪ್ಪಿನ ಬೆಟ್ಟ, ಆಮೇಲೆ ದಟ್ಟ ಕಾಡು, ಕೊನೆಗೆ ಬೆತ್ತದ ಮೆಳೆ. ಬೆತ್ತದ ಬಳ್ಳಿಗೆ ಸಿಕ್ಕಿದರೆ ಮುಂದೆ ಎಳೆಯಬಾರದು, ಒಂದು ಹೆಜ್ಜೆ ಹಿಂದೆ ಹೋಗಬೇಕು. ಮುಂದೆ ಎಳೆದಷ್ಟೂ ಮುಳ್ಳು ಒಳಗೆ ಹೋಗುತ್ತದೆ. ನನ್ನ ಅಂಗಿಯ ಎಡತೋಳು ಅಲ್ಲೇ ಹೋಯಿತು.

ಹೊಳೆ ಕಾಣುವ ಮೊದಲೇ ಸದ್ದು ಬಂತು. 1845ರಲ್ಲಿ ಇಲ್ಲಿಗೆ ಬಂದಿದ್ದ ಬ್ರಿಟಿಷ್ ಕಲೆಕ್ಟರ್ ಲಷಿಂಗ್ಟನ್ ಹೆಸರಿನಲ್ಲಿ ಇದಕ್ಕೆ ಲಷಿಂಗ್ಟನ್ ಫಾಲ್ಸ್ ಅಂತಲೂ ಹೇಳುತ್ತಾರೆ. ಊರಿನವರ ಹೆಸರು ಕೆಪ್ಪ ಜೋಗ. ಮೇಲಿನ ಕಟ್ಟೆಯಲ್ಲಿ ನಿಂತು ನೋಡಿದವರಿಗೆ ಆ ಹೆಸರು ಪೂರ್ತಿ ಅರ್ಥವಾಗುವುದಿಲ್ಲ. ಕೆಳಗೆ ಇಳಿದಾಗ ಭಾವ ನನ್ನಿಂದ ನಾಲ್ಕು ಅಡಿ ದೂರದಲ್ಲಿ ನಿಂತು ಏನೋ ಹೇಳಿದ. ಬಾಯಿ ಆಡಿದ್ದು ಕಂಡಿತು, ಒಂದಕ್ಷರ ಕೇಳಲಿಲ್ಲ. ಆಮೇಲೆ ಅರ್ಧ ದಿನ ಕೈಸನ್ನೆಯಲ್ಲೇ ಮಾತು. ಕೈ ಎತ್ತಿದರೆ ನಿಲ್ಲು, ಅಂಗೈ ಕೆಳಗೆ ಮಾಡಿದರೆ ಕಲ್ಲು ಜಾರುತ್ತದೆ.

ಕಲ್ಲು ಜಾರುತ್ತಲೇ ಇತ್ತು. ನೀರು ಸಿಡಿದು ಸಿಡಿದು ಕೊಟ್ಟಿಗೆಯಷ್ಟು ದೊಡ್ಡ ಬಂಡೆಗಳ ಮೇಲೆಲ್ಲ ಹಾವಸೆ, ಅಂದರೆ ಪಾಚಿ. ಮಧ್ಯಾಹ್ನದ ಹೊತ್ತಿಗೆ ನನ್ನ ಬಲಗಾಲಿನ ಶೂ ಅಟ್ಟೆ ಮುಂದಿನಿಂದ ಬಾಯಿ ಬಿಟ್ಟಿತು. ಹೊಸ ಶೂ, ಚಾರಣಕ್ಕೆಂದೇ ಕೊಂಡದ್ದು. ಇಲ್ಲಿಗೆ ಈ ಕಂತು ಮುಗಿಯಿತು ಅಂದುಕೊಂಡೆ. ವಾಚರ್ ತಮ್ಮ ಚೀಲದಿಂದ ಕತ್ತದ ಹಗ್ಗ ತೆಗೆದರು. ಕಿರುಬೆರಳು ದಪ್ಪದ, ತೆಂಗಿನ ನಾರಿನ ಹಗ್ಗ. ಅದನ್ನು ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಬೆರಳಿನ ಬುಡದಲ್ಲಿ ಮೂರು ಸುತ್ತು, ಅಂಗಾಲಿನ ನಡುವೆ ಎರಡು ಸುತ್ತು ಸುತ್ತಿ, ಹಿಮ್ಮಡಿಯ ಮೇಲೆ ತಂದು ಗಂಟು ಹಾಕಿದರು. ಗಂಟು ಕಾಲಿನ ಹೊರಬದಿಗೆ ಬರಬೇಕಂತೆ, ಒಳಬದಿಗೆ ಬಂದರೆ ಇನ್ನೊಂದು ಕಾಲಿಗೆ ತಾಗುತ್ತದೆ.

ಎದ್ದು ನಿಂತೆ. ಹಾವಸೆ ಕಲ್ಲಿನ ಮೇಲೆ ಕಾಲಿಟ್ಟೆ. ಜಾರಲಿಲ್ಲ! ನಾರು ಹಾವಸೆಯನ್ನು ಕೆರೆದು ಕಲ್ಲನ್ನು ಹಿಡಿಯುತ್ತದೆ. ರಬ್ಬರ್ ಮಾಡದ ಕೆಲಸ ಅದು. ಹತ್ತು ನಿಮಿಷದಲ್ಲಿ ಗಟ್ಟಿ ಇದ್ದ ಎಡಗಾಲಿನ ಶೂಗೂ ಸುತ್ತಿಸಿಕೊಂಡೆ, ಭಾವನೂ ಸುತ್ತಿಕೊಂಡ. ಮುಂದಿನ ಮೂರು ದಿನವೂ ಹಾಗೇ ನಡೆದೆವು. ಹಗ್ಗ ದಿನಕ್ಕೊಮ್ಮೆ ಸವೆಯುತ್ತದೆ, ಬದಲಾಯಿಸಬೇಕು. ಹೊಳೆ ನಡೆಯುವ ಆಸೆ ಇರುವವರು ದಯವಿಟ್ಟು ಹತ್ತು ಮಾರು ಕತ್ತದ ಹಗ್ಗ ಚೀಲದಲ್ಲಿ ಇಟ್ಟುಕೊಳ್ಳಿ. ಈ ಸಲದ ಕಂತಿನಲ್ಲಿ ನಾನು ಕಲಿತದ್ದರಲ್ಲಿ ಎಲ್ಲಕ್ಕಿಂತ ಉಪಯೋಗದ್ದು ಇದೇ.

ಸಂಜೆ ನಾಲ್ಕಕ್ಕೆ ಒಂದು ಚಪ್ಪಟೆ ಕಲ್ಲಿನ ಮೇಲೆ ನಿಲ್ಲಿಸಿದೆವು. ಮೂರು ಸಣ್ಣ ಕಲ್ಲು ಒಂದರ ಮೇಲೊಂದು ಇಟ್ಟು ಗುರುತು ಮಾಡಿದೆವು. ದಿನದ ದೂರ ಎರಡೂವರೆ ಕಿ.ಮೀ.

ಎರಡನೇ ದಿನ

ಈ ದಿನದ ಹೆದರಿಕೆ ನನಗೆ ಮನೆಯಲ್ಲಿ ನಕ್ಷೆ ನೋಡುವಾಗಲೇ ಶುರುವಾಗಿತ್ತು. ಉಪಗ್ರಹ ಚಿತ್ರದಲ್ಲಿ ಒಂದು ಕಡೆ ಹೊಳೆ ಕಪ್ಪು ಗೆರೆಯಂತೆ ಕಾಣುತ್ತದೆ, ಎರಡೂ ಬದಿ ದಂಡೆ ಇಲ್ಲ. ಬೆಳಿಗ್ಗೆ ಹತ್ತೂವರೆಗೆ ಅಲ್ಲಿಗೆ ತಲುಪಿದೆವು. ಮಡು. ಎರಡೂ ಕಡೆ ನೇರ ಕಲ್ಲುಗೋಡೆ, ನಡುವೆ ಹಸಿರುಗಪ್ಪು ನೀರು, ಸದ್ದೇ ಇಲ್ಲ. ಹಿಂದಿನ ದಿನದ ಅಬ್ಬರದ ಎದುರು ಆ ಮೌನವೇ ಜಾಸ್ತಿ ಹೆದರಿಸಿತು.

ಭಾವ ಅವಸರ ಮಾಡಲಿಲ್ಲ. ಒಂದು ಹಣ್ಣೆಲೆ ಕಿತ್ತು ನೀರಿಗೆ ಬಿಟ್ಟ. ಅದು ಮೆಲ್ಲಗೆ ಗೋಡೆಯ ಬದಿಗೆ ಸರಿದು, ಅಲ್ಲೊಂದು ಸುತ್ತು ಹಾಕಿ, ಮುಂದೆ ಹೋಯಿತು. ಇನ್ನೊಂದು ಎಲೆ. ಅದೂ ಅಲ್ಲೇ ಸುತ್ತಿತು. "ಎಡಗೋಡೆ ಹತ್ತಿರ ಹೋಗಬೇಡ ಮಾರಾಯ, ಅಲ್ಲಿ ಒಳಗೆ ಸೆಳೆತ ಇದೆ. ನಡುವೆಯೇ ಈಜು" ಅಂದ. ವಾಟೆ (ಒಂದು ಬಗೆಯ ಬಿದಿರು) ಕೋಲು ಇಳಿಸಿ ನೋಡಿದೆವು, ತಳ ಸಿಗಲಿಲ್ಲ.

ಜೀಪಿನ ಹಳೇ ಟ್ಯೂಬ್ ಒಂದನ್ನು ಮಡಚಿ ತಂದಿದ್ದೆವು. ಸೈಕಲ್ ಪಂಪಿನಿಂದ ಗಾಳಿ ಹೊಡೆಯಲು ಇಪ್ಪತ್ತು ನಿಮಿಷ. ಚೀಲಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ಯೂಬಿನ ಮೇಲೆ ಕಟ್ಟಿ, ಅದಕ್ಕೊಂದು ಹಗ್ಗ ಬಿಟ್ಟು, ಭಾವ ಮೊದಲು ಈಜಿ ಆಚೆ ಸೇರಿದ. ಆಮೇಲೆ ಟ್ಯೂಬ್, ಆಮೇಲೆ ನಾನು. ವಾಚರ್ ಕಾಡಿನ ಮೇಲಿನಿಂದ ಸುತ್ತಿ ಬರುತ್ತೇನೆ ಅಂದರು. ಸುಮಾರು ನಲವತ್ತು ಮೀಟರ್ ಇರಬಹುದು. ಎದೆಯವರೆಗೆ ಇಳಿದಾಗ ಚಳಿಗೆ ಉಸಿರು ಹಿಡಿದುಕೊಂಡಿತು. ನಡುವೆ ಬಂದಾಗ ಮೇಲೆ ನೋಡಿದೆ. ಗೋಡೆಗಳ ನಡುವೆ ಆಕಾಶ ಒಂದು ಪಟ್ಟಿ ಅಷ್ಟೇ. ಅದೇ ಪಟ್ಟಿ ನೀರಿನಲ್ಲೂ ಇತ್ತು, ನಾನು ಅದರ ಮೇಲೆ ಈಜುತ್ತಿದ್ದೆ. ಆ ಹೊತ್ತಿನಲ್ಲಿ ಹೆದರಿಕೆ ಎಲ್ಲಿ ಹೋಯಿತೋ.

ಆಚೆ ದಡದ ಬಂಡೆಯ ಮೇಲೆ ಬಿಳಿ ಪುಡಿಯಂಥದ್ದು ಬಿದ್ದಿತ್ತು. ಹತ್ತಿರ ಹೋಗಿ ನೋಡಿದರೆ ಏಡಿಯ ಚಿಪ್ಪಿನ ಚೂರು, ಮೀನಿನ ಮುಳ್ಳು. ನೀರುನಾಯಿಯ ಹಿಕ್ಕೆ ಅಂತ ಆಮೇಲೆ ಬಂದು ಸೇರಿದ ವಾಚರ್ ಹೇಳಿದರು. ನೀರುನಾಯಿ ಕಾಣಲಿಲ್ಲ. ಅದರ ಊಟದ ಜಾಗದಲ್ಲಿ ಕೂತು ನಾವೂ ಅವಲಕ್ಕಿ, ಜೋನಿ ಬೆಲ್ಲ ತಿಂದೆವು.

ಇಂಥ ನಡಿಗೆ ಈ ಹೊಳೆಯಲ್ಲಿ ಸಾಧ್ಯ ಆಗುವುದಕ್ಕೆ ಒಂದು ಕಾರಣ ಇದೆ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಉತ್ತರಕ್ಕೆ ಕಾಳಿಯಲ್ಲಿ ಸೂಪಾ, ಕೊಡಸಳ್ಳಿ, ಕದ್ರಾ. ದಕ್ಷಿಣಕ್ಕೆ ಶರಾವತಿಯಲ್ಲಿ ಲಿಂಗನಮಕ್ಕಿ, ಗೇರುಸೊಪ್ಪ. ಅಣೆಕಟ್ಟಿನ ಕೆಳಗೆ ನೀರು ಯಾವಾಗ ಬಿಡುತ್ತಾರೋ, ಯಾವಾಗ ಏರುತ್ತದೋ, ಮಡುವಿನ ನಡುವೆ ಇರುವವನಿಗೆ ಗೊತ್ತಾಗುವುದಿಲ್ಲ. ಇಲ್ಲಿ ಮಳೆ ಬಂದರೆ ಏರುತ್ತದೆ, ನಿಂತರೆ ಇಳಿಯುತ್ತದೆ. ಆಕಾಶ ನೋಡಿದರೆ ಸಾಕು. ಆ ಎರಡು ದೊಡ್ಡ ಹೊಳೆಗಳ ನಡುವೆ ಇದು ಹೀಗೇ ಉಳಿದಿದೆ ಅನ್ನುವುದು ನನಗೆ ಮಡುವಿನಲ್ಲಿ ಮೈ ಮುಳುಗಿಸಿದ ಮೇಲೆ ಸರಿಯಾಗಿ ಮನಸ್ಸಿಗೆ ಇಳಿಯಿತು. ಹೀಗೇ ಉಳಿಯಲಿ.

ದೂರ ಮೂರು ಕಿ.ಮೀ.

ಮೂರನೇ ದಿನ

ವಾಚರ್ ಹಿಂದಿನ ಸಂಜೆಯೇ ಹೊರಟರು. ಉಳಿದ ಕತ್ತದ ಹಗ್ಗವನ್ನು ನಮಗೇ ಬಿಟ್ಟುಹೋದರು.

ಹೊಳೆ ಸ್ವಲ್ಪ ಸಲೀಸಾಯಿತು. ಮುಂಡಿಗೆ ಗಿಡಗಳ ಬುಡ ಹಿಡಿದು, ಅಲ್ಲಲ್ಲಿ ಸೊಂಟದ ನೀರಿನಲ್ಲಿ, ಐದು ಕಿ.ಮೀ. ಬಂದೆವು. ಹನ್ನೊಂದರ ಹೊತ್ತಿಗೆ ಭಾವ ಸುಮ್ಮನೆ ನಿಂತು ಮೇಲೆ ಬೆರಳು ತೋರಿಸಿದ. ಸಿಂಗಳೀಕ. ಕರಿ ಮೈ, ಮುಖದ ಸುತ್ತ ಬೂದು ಕೇಸರ. ಒಂದಲ್ಲ, ನಾನು ಎಣಿಸಿದ್ದು ಹದಿನಾಲ್ಕು. ಇವು ನೆಲಕ್ಕೆ ಇಳಿಯುವುದು ತೀರಾ ಕಡಿಮೆ. ಆ ಜಾಗದಲ್ಲಿ ಹೊಳೆ ಕಿರಿದಾಗಿತ್ತು, ಎರಡೂ ದಂಡೆಯ ಮರಗಳ ಕೊಂಬೆಗಳು ಮೇಲೆ ಕೂಡಿದ್ದವು. ಒಂದೊಂದೇ ಆ ಕೊಂಬೆಗಳ ಮೇಲೆ ದಾಟಿದವು. ಮರಿ ಹೊತ್ತ ತಾಯಿಯೊಂದು ತುದಿಗೆ ಬಂದು ನಿಂತಿತು, ಕೊಂಬೆ ತೂಗುವುದನ್ನು ನೋಡಿತು, ತೂಗು ಈಚೆ ಬಂದಾಗ ಜಿಗಿಯಿತು. ಅಲ್ಲಿ ಒಂದೇ ಒಂದು ಮರ ಕಡಿದರೂ ಈ ಗುಂಪಿಗೆ ಹೊಳೆ ದಾಟಲು ಜಾಗ ಇಲ್ಲ, ಅಲ್ವಾ? ನಾವು ನೀರಿನಲ್ಲೇ ಅರ್ಧ ತಾಸು ಅಲುಗಾಡದೆ ನಿಂತಿದ್ದೆವು. ಫೋಟೋ ತೆಗೆಯಲು ನೆನಪಾಗಲಿಲ್ಲ.

ಆ ರಾತ್ರಿ ಉಳಿದ ಮನೆಯಲ್ಲಿ ವಯಸ್ಸಾದ ಅಜ್ಜಿ ಇದ್ದರು. ಕೈಗೆ ಬಿಸಿ ಕಷಾಯ ಕೊಟ್ಟು ಕೇಳಿದರು: "ಎಂತಕ್ಕೆ ಹೊಳೆಯಲ್ಲಿ ಬರ್ತೀರಿ ತಮಾ, ರಸ್ತೆ ಇದೆಯಲ್ಲ?" ಭಾವ ಹೇಳಿದ, "ರಸ್ತೆಯಲ್ಲಿ ಬಂದಿದ್ರೆ ಹೊಳೆ ಕಾಣ್ತಿರಲಿಲ್ಲ ಅಜ್ಜಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಮದುವೆಯಾಗಿ ಬಂದಾಗ ರಸ್ತೆ ಇರಲಿಲ್ಲ, ಹೊಳೆ ದಾಟಿಯೇ ಬಂದದ್ದು ಅಂದರು. ದಾಟಿದ ಜಾಗದ ಗುರುತೂ ಹೇಳಿದರು: ನಡುವೆ ಒಂದು ಬಂಡೆ, ಅದರ ಬೆನ್ನಿನಲ್ಲಿ ಒರಳಿನಂಥ ಗುಂಡಿ. ಊಟಕ್ಕೆ ಅಪ್ಪೆಹುಳಿ, ಅನ್ನ, ಮಿಡಿ ಉಪ್ಪಿನಕಾಯಿ. ಮಿಡಿ ಇದೇ ಹೊಳೆದಂಡೆಯ ಮರದ್ದು.

ನಾಲ್ಕನೇ ದಿನ

ಬೆಳಿಗ್ಗೆ ಒಂಬತ್ತಕ್ಕೆ ಆ ಬಂಡೆ ಸಿಕ್ಕಿತು. ಬೆನ್ನಿನಲ್ಲಿ ಗುಂಡಿ, ಗುಂಡಿಯಲ್ಲಿ ನೀರು, ನೀರಿನಲ್ಲಿ ನಾಲ್ಕು ಉರುಟು ಕಲ್ಲು. ಮಳೆಗಾಲದಲ್ಲಿ ಆ ಕಲ್ಲುಗಳು ಸುತ್ತಿ ಸುತ್ತಿಯೇ ಗುಂಡಿ ಕೊರೆದಿರುವುದು. ಒಂದನ್ನು ಕೈಗೆತ್ತಿಕೊಂಡೆ. ಮೊಟ್ಟೆಯಷ್ಟು ನುಣುಪು. ವಾಪಸ್ ಅಲ್ಲೇ ಇಟ್ಟೆ.

ಆಮೇಲಿನ ಆರೂವರೆ ಕಿ.ಮೀ. ಸಲೀಸು. ಬಂಡೆಗಳು ಸಣ್ಣದಾದವು, ಗುಡ್ಡಗಳು ಹಿಂದೆ ಸರಿದವು, ಮಧ್ಯಾಹ್ನ ಮೊದಲ ಸಲ ಕಾಲಿಗೆ ಮರಳು ಸಿಕ್ಕಿತು. ಹಾವೇರಿಯವನಿಗೆ ಊರಿಗೆ ಬಂದಷ್ಟು ಖುಷಿ. ಕತ್ತದ ಹಗ್ಗ ಬಿಚ್ಚಿ ಬರಿಗಾಲಿನಲ್ಲಿ ನಡೆದೆ.

ಮುಂದಿನ ಕಂತು ಉಪ್ಪಿನಪಟ್ಟಣದವರೆಗೆ. ಹಿಂದೆ ಉಪ್ಪು ಹೊತ್ತ ದೋಣಿಗಳು ಕಡಲಿನಿಂದ ಅಲ್ಲಿಯವರೆಗೆ ಬರುತ್ತಿದ್ದವು. ಹೊಳೆಗೆ ಭರತ, ಇಳಿತ ತಾಗುವ ಜಾಗ ಅದು, ಹಾಗಾಗಿ ನಡೆಯುವ ಹೊತ್ತನ್ನು ಇನ್ನು ಕಡಲು ನೋಡಿ ಗೊತ್ತು ಮಾಡಬೇಕು. ಟ್ಯೂಬಿಗೆ ಸೈಕಲ್ ಪಂಪ್ ಬೇಡ, ಕಾಲಿನಲ್ಲಿ ಒತ್ತುವ ಪಂಪ್ ತರಬೇಕು. ಚೀಲ ಒಂಬತ್ತು ಕೆ.ಜಿ. ಇತ್ತು, ಏಳಕ್ಕೆ ಇಳಿಸಬೇಕು. ಮಳೆಗಾಲದ ಮೊದಲೇ ಹೋಗಬೇಕು. ಕೊನೆಯ ಕಲ್ಲು ನೀರಿನಿಂದ ಒಂದೂವರೆ ಅಡಿ ಮಾತ್ರ ಮೇಲಿದೆ, ಪಕ್ಕದಲ್ಲಿ ವಾಟೆಯ ಮೆಳೆ, ಮೇಲೆ ನಾವಿಟ್ಟ ಮೂರು ಕಲ್ಲು. ಜೂನ್ ಬಂದರೆ ಮುಳುಗುತ್ತದೆ.