ಲೆಸ್ಟರ್‌ನ ಬಾ ಮತ್ತು ಮಾಸಿ

ನಮ್ಮ ಕಾಲೇಜಿನಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಎಂ.ಎಸ್ಸಿ ಓದಲು ಹೋದವರಲ್ಲಿ ನಾನೂ ಒಬ್ಬ. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಹಿಂದೂ-ಮುಸ್ಲಿಂ ಹುಡುಗರ ಗಲಾಟೆಯಾದಾಗ ಊರಿಂದ ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ: ‘ಅಲ್ಲಿ ಇರೋಕಾಗುತ್ತಾ?’ ಅವರಿಗೆ ಆಗ ಸರಿಯಾಗಿ ಹೇಳಲು ಆಗಿರಲಿಲ್ಲ. ಈಗ ಹೇಳುತ್ತೇನೆ.

ನಾನಿದ್ದದ್ದು ಗಲಾಟೆಯಾದ ಗ್ರೀನ್ ಲೇನ್ ರಸ್ತೆಯ ಹತ್ತಿರವೇ. ಮನೆ ಓನರ್ ಗುಜರಾತಿ ಹಿಂದೂ ಅಜ್ಜಿ. ಎಲ್ಲರಂತೆ ನಾನೂ ಅವರನ್ನು ‘ಬಾ’ (ಗುಜರಾತಿಯಲ್ಲಿ ಅಮ್ಮ) ಅನ್ನುತ್ತಿದ್ದೆ. ಪಕ್ಕದ ಮನೆಯ ಗುಜರಾತಿ ಮುಸ್ಲಿಂ ಅಜ್ಜಿ ನನಗೆ ‘ಮಾಸಿ’, ಅಂದರೆ ಚಿಕ್ಕಮ್ಮ. ಇಬ್ಬರೂ ಆಫ್ರಿಕಾದ ಉಗಾಂಡಾದ ರಾಜಧಾನಿ ಕಂಪಾಲದಲ್ಲಿ ಬೆಳೆದವರು. 1972ರಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಉಗಾಂಡಾದಿಂದ ಏಷ್ಯನ್ನರನ್ನು ಓಡಿಸಿದಾಗ ಹಿಂದೂ ಯಾರು, ಮುಸ್ಲಿಂ ಯಾರು ಅಂತ ನೋಡಲಿಲ್ಲ. ಲೆಸ್ಟರ್ ಕೌನ್ಸಿಲ್ ಉಗಾಂಡಾದ ಪತ್ರಿಕೆಯಲ್ಲಿ ‘ನಮ್ಮೂರಿಗೆ ಬರಬೇಡಿ’ ಅಂತ ಜಾಹೀರಾತನ್ನೇ ಹಾಕಿಸಿತ್ತು. ಆದರೂ ಸಾವಿರಾರು ಜನ ಬಂದರು. ಬಾ, ಮಾಸಿ ಇಬ್ಬರಿಗೂ ಒಂದೇ ಸ್ವೆಟರ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಒಬ್ಬರು ಪಾಳಿಗೆ ಹೋದರೆ ಇನ್ನೊಬ್ಬರು ಎರಡೂ ಮನೆಯ ಮಕ್ಕಳನ್ನು ನೋಡಿಕೊಂಡರು.

ಶನಿವಾರ ಮಾಸಿ ಮನೆಯಲ್ಲಿ ಮೊಗೊ, ಅಂದರೆ ಮರಗೆಣಸು. ಬೇಯಿಸಿ, ಬೆರಳುದ್ದ ಸೀಳಿ, ಗರಿಗರಿಯಾಗಿ ಕರಿದು, ಮೇಲೆ ಉಪ್ಪು, ಖಾರದ ಪುಡಿ, ನಿಂಬೆರಸ. ಬಾ ಸಸ್ಯಾಹಾರಿ. ಅವರಿಗೆಂದೇ ಒಂದು ಬಾಣಲೆ ಮಾಸಿಯ ಅಡುಗೆಮನೆಯಲ್ಲಿ ಬೇರೆ ಮೊಳೆಗೆ ತೂಗುತ್ತಿತ್ತು. ಅದರಲ್ಲಿ ಮಾಂಸ ಬೇಯುತ್ತಿರಲಿಲ್ಲ. ಯಾರೂ ಅದನ್ನು ದೊಡ್ಡ ಸಂಗತಿ ಮಾಡಲಿಲ್ಲ. ಸೌಹಾರ್ದದ ಎಷ್ಟೋ ಭಾಷಣ ಕೇಳಿದ್ದೇನೆ, ನನಗೆ ಆ ಮೊಳೆಯೇ ಜಾಸ್ತಿ ಹಿಡಿಸಿತು.

2021ರ ಜನಗಣತಿ ಪ್ರಕಾರ ಆ ಊರಲ್ಲಿ ಮುಸ್ಲಿಮರು ಶೇ 23.5, ಹಿಂದೂಗಳು ಶೇ 17.9. ಇಬ್ಬರೂ ಅಲ್ಪಸಂಖ್ಯಾತರೇ ಅಲ್ವಾ? ಹಳಬರಿಗೆ ಇದು ಗೊತ್ತಿತ್ತು. ನನ್ನಂತೆ ಈಚೆಗೆ ಹೋದವರಿಗೆ, ಅಲ್ಲೇ ಹುಟ್ಟಿದ ಹುಡುಗರಿಗೆ ಆ ಕಷ್ಟದ ಕಾಲ ಗೊತ್ತಿಲ್ಲ. ಅವರ ಕೈಗೆ ಸಿಕ್ಕಿದ್ದು ಮೊಬೈಲ್‌ನಲ್ಲಿ ಹರಿದಾಡಿದ ಸುಳ್ಳು. ಹುಡುಗಿಯ ಅಪಹರಣಕ್ಕೆ ಯತ್ನ ನಡೆಯಿತು ಅನ್ನುವ ಸುದ್ದಿಯನ್ನು ಪೊಲೀಸರೇ ಅಲ್ಲಗಳೆಯಬೇಕಾಯಿತು.

ಗಲಾಟೆಯ ರಾತ್ರಿ ಮಾಸಿಯ ಮೊಮ್ಮಗ ಬಂದು ನಮ್ಮ ಮುಂಬಾಗಿಲ ಹತ್ತಿರ ಕೂತ. ‘ಬಾ ಒಬ್ಬರೇ ಇರ್ತಾರೆ ಅಂತ ಅಜ್ಜಿ ಕಳಿಸಿದ್ರು’ ಅಂದ. ಬಾ ಅವನಿಗೆ ಖಿಚಡಿ ಬಡಿಸಿ, ‘ಬೀದಿಗೆ ಹೋದ್ಯೋ, ನಿನ್ನಜ್ಜಿಗೆ ಹೇಳ್ತೀನಿ’ ಅಂತ ಗದರಿದರು. ಮೂರು ದಿನದ ಮೇಲೆ ಎರಡೂ ಸಮುದಾಯದ ಮುಖಂಡರು ಮಸೀದಿ ಮುಂದೆ ಒಟ್ಟಿಗೆ ನಿಂತು ಶಾಂತಿಯ ಹೇಳಿಕೆ ಓದಿದರು. ಬಾ, ಮಾಸಿ ಅದನ್ನು ಒಂದೇ ಸೋಫಾದಲ್ಲಿ ಕೂತು ಟಿವಿಯಲ್ಲಿ ನೋಡಿದರು.

ಲೆಸ್ಟರ್‌ಗೆ ಓದಲು ಹೋಗುವ ಜೂನಿಯರ್‌ಗಳು ಯಾರಾದರೂ ಇದ್ದರೆ ನನ್ನನ್ನು ಕೇಳಿ. ಬಾ ಮನೆಯ ಮೇಲಿನ ಕೋಣೆ ಖಾಲಿ ಇದೆಯಂತೆ.