ಟೈಮ್‌ಶೇರ್ ವಾರವನ್ನು ಮಾಲೀಕರಿಂದ ಬಾಡಿಗೆಗೆ ಪಡೆದಾಗ ಹೊಣೆ ಯಾರದು?

ಕಳೆದ ವರ್ಷ ರೆಸಾರ್ಟ್ ಒಂದರಲ್ಲಿ ಒಂದು ವಾರ ತಂಗಲು, ಅಲ್ಲಿನ ಟೈಮ್‌ಶೇರ್ ಮಾಲೀಕರೊಬ್ಬರ (ಎಂದರೆ ವರ್ಷದಲ್ಲಿ ಒಂದು ವಾರ ಕೋಣೆ ಬಳಸುವ ಹಕ್ಕನ್ನು ಕೊಂಡವರ) ವಾರವನ್ನು ಆನ್‌ಲೈನ್‌ನಲ್ಲಿ ಬಾಡಿಗೆಗೆ ಪಡೆದಿದ್ದೆ. ಹಣ ಪೂರ್ತಿ ಕೊಟ್ಟಾಗಿತ್ತು. ರೆಸಾರ್ಟಿನ ಕನ್ಫರ್ಮೇಶನ್ ಪತ್ರವೂ ಬಂದಿತ್ತು. ಅದರಲ್ಲಿ ಅತಿಥಿಯ ಹೆಸರಿರಬೇಕಾದ ಜಾಗದಲ್ಲಿ ನನ್ನ ಹೆಸರು ಒಂದಕ್ಷರವೂ ತಪ್ಪಿಲ್ಲದೆ ಅಚ್ಚಾಗಿತ್ತು. ಹೊರಡಲು ಹನ್ನೆರಡು ದಿನ ಉಳಿದಿರುವಾಗ, ಮಗುವಿಗೆ ಇನ್ನೊಂದು ಹಾಸಿಗೆ ಸಿಗಬಹುದೇ ಎಂದು ಕೇಳಲು ರೆಸಾರ್ಟಿಗೆ ಫೋನ್ ಮಾಡಿದೆ. ರಿಸೆಪ್ಷನ್‌ನಲ್ಲಿದ್ದವರು ಬುಕಿಂಗ್ ಸಂಖ್ಯೆ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಬುಕಿಂಗ್ ಇದೆ, ನಿಮ್ಮ ಹೆಸರೂ ಇದೆ. ಆದರೆ ಮಾಲೀಕರ ಖಾತೆಯಲ್ಲಿ ವಾರ್ಷಿಕ ನಿರ್ವಹಣಾ ಶುಲ್ಕ ಬಾಕಿ ಇದೆ. ಅದು ಪಾವತಿಯಾಗುವವರೆಗೆ ಕೋಣೆ ಕೊಡಲು ಬರುವುದಿಲ್ಲ” ಎಂದರು. ಬಾಕಿ ಎಷ್ಟೆಂದು ಕೇಳಿದೆ. ಅದನ್ನು ಮಾಲೀಕರಿಗೆ ಮಾತ್ರ ತಿಳಿಸಬಹುದು ಎಂಬ ಉತ್ತರ ಬಂತು.

ಆ ಮಾಲೀಕರು ಮೋಸಗಾರರಾಗಿರಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಹಿಂದಿನ ಬಾಡಿಗೆದಾರರು ಅವರ ಬಗ್ಗೆ ಒಳ್ಳೆಯ ಮಾತು ಬರೆದಿದ್ದರು, ಮಾಲೀಕರು ನನ್ನೊಡನೆ ಎರಡು ಸಲ ಸಾವಧಾನವಾಗಿ ಮಾತನಾಡಿದ್ದರು, ಮಾಲೀಕತ್ವದ ದಾಖಲೆಯನ್ನೂ ಕೇಳುವ ಮೊದಲೇ ಕಳುಹಿಸಿದ್ದರು. ಆದರೂ ಬಾಕಿಯ ಬಗ್ಗೆ ಕೇಳಿದ ಮೇಲೆ ಐದು ದಿನ ಅವರಿಂದ ಉತ್ತರವಿರಲಿಲ್ಲ. ಆರನೆಯ ದಿನ ಕ್ಷಮೆ ಕೇಳಿ ಬಾಕಿ ಕಟ್ಟಿದರು, ನಾವು ಹೋಗಿ ಬಂದೆವು. ಆ ಐದು ದಿನಗಳಲ್ಲಿ ನನಗೆ ಅರ್ಥವಾದದ್ದೇನೆಂದರೆ, ನಾನು ಪರೀಕ್ಷಿಸಿದ್ದೆಲ್ಲ ಅವರ ಸ್ವಭಾವವನ್ನು. ಏನಾದರೂ ಕೆಟ್ಟರೆ ಯಾರು, ಎಷ್ಟು ದಿನದೊಳಗೆ, ಯಾವ ಹಣದಿಂದ ಸರಿಪಡಿಸಬೇಕು ಎಂಬುದರ ಬಗ್ಗೆ ನಮ್ಮಿಬ್ಬರ ನಡುವೆ ಒಂದು ಸಾಲೂ ಬರಹದಲ್ಲಿರಲಿಲ್ಲ.

ಈ ವ್ಯವಹಾರದ ತೊಡಕು ಅದರ ರಚನೆಯಲ್ಲಿಯೇ ಇದೆ. ಒಂದು ಕೋಣೆಯ ವರ್ಷವನ್ನು ವಾರಗಳಾಗಿ ಹಂಚಿ ಮಾರುವುದು ಟೈಮ್‌ಶೇರ್‌ನ ಮೂಲ ರೂಪ. ಈಗ ವಾರದ ಬದಲು, ತಂಗುವ ದಿನಗಳಿಗೆ ಖರ್ಚು ಮಾಡಬಹುದಾದ ಪಾಯಿಂಟ್‌ಗಳೂ ಚಾಲ್ತಿಯಲ್ಲಿವೆ. ಯಾವ ರೂಪವಾದರೂ ರೆಸಾರ್ಟಿಗೆ ಒಪ್ಪಂದವಿರುವುದು ಮಾಲೀಕರೊಡನೆ ಮಾತ್ರ, ಬಾಡಿಗೆದಾರ ಅದರ ಲೆಕ್ಕದಲ್ಲಿ ಮಾಲೀಕರ ಅತಿಥಿ. ಹೀಗಾಗಿ ಹಣ ಕೈಬದಲಾದ ಮೇಲೂ ಬುಕಿಂಗ್ ಮಾಲೀಕರ ಕೈಯಲ್ಲೇ ಉಳಿಯುತ್ತದೆ. ಅವರು ಅದನ್ನು ರದ್ದು ಮಾಡಬಲ್ಲರು, ಅತಿಥಿಯ ಹೆಸರನ್ನು ಬದಲಿಸಬಲ್ಲರು. ಡಿಸ್ನಿ ಸಂಸ್ಥೆಯ ಟೈಮ್‌ಶೇರ್ ಆದ ಡಿಸ್ನಿ ವೆಕೇಶನ್ ಕ್ಲಬ್‌ನಂತಹ ಪಾಯಿಂಟ್ ವ್ಯವಸ್ಥೆಯಲ್ಲಿ ದಿನಾಂಕದ ಸಣ್ಣ ಬದಲಾವಣೆಯನ್ನೂ ಸದಸ್ಯರೇ, ಎಂದರೆ ಮಾಲೀಕರೇ ಮಾಡಿಸಬೇಕು. ಕನ್ಫರ್ಮೇಶನ್ ಪತ್ರವು ಅದು ಮುದ್ರಣವಾದ ಕ್ಷಣದ ಸ್ಥಿತಿಯನ್ನಷ್ಟೇ ಹೇಳುತ್ತದೆ.

ಇನ್ನೊಂದು ಅಪಾಯ ಹೆಚ್ಚು ಜನರ ಗಮನಕ್ಕೆ ಬರುವುದಿಲ್ಲ. ಮಾಲೀಕರು ತಮ್ಮ ವಾರ ಕೊಟ್ಟು ಬೇರೆ ರೆಸಾರ್ಟಿನ ವಾರ ಪಡೆಯಲು ನೆರವಾಗುವ ಆರ್‌ಸಿಐ, ಇಂಟರ್‌ವಲ್ ಇಂಟರ್‌ನ್ಯಾಷನಲ್‌ನಂತಹ ವಿನಿಮಯ ಸಂಸ್ಥೆಗಳ ಮೂಲಕ ಬದಲಾಯಿಸಿ ಪಡೆದ ವಾರವನ್ನು ಬಾಡಿಗೆಗೆ ಕೊಡುವುದನ್ನು ಆ ಸಂಸ್ಥೆಗಳ ನಿಯಮಗಳೇ ನಿಷೇಧಿಸುತ್ತವೆ. ಆದ್ದರಿಂದ ಇದು ನಿಮ್ಮ ಸ್ವಂತ ವಾರವೇ ಅಥವಾ ವಿನಿಮಯದಲ್ಲಿ ಬಂದದ್ದೇ ಎಂದು ಮೊದಲೇ ಕೇಳುವುದು ಅವಮಾನವಲ್ಲ, ಪ್ರಾಮಾಣಿಕ ಮಾಲೀಕರು ಅದಕ್ಕೆ ಬೇಸರಪಟ್ಟುಕೊಳ್ಳುವುದೂ ಇಲ್ಲ.

ಹಣದ ದಾರಿಯ ಬಗ್ಗೆಯಂತೂ ನಾನು ಈಗ ಬಹಳ ಬಿಗಿಯಾಗಿದ್ದೇನೆ. ಬ್ಯಾಂಕ್ ವರ್ಗಾವಣೆಯಲ್ಲಿ ಹೋದ ಹಣ ಮರಳಿ ಬರುವುದು ಕಷ್ಟ. ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್‌ನಲ್ಲಿ ಸ್ನೇಹಿತರಿಗೆ, ಕುಟುಂಬದವರಿಗೆ ಕಳುಹಿಸುವ ಬಗೆಯಲ್ಲಿ ಪಾವತಿಸಿದರೆ ಖರೀದಿದಾರರಿಗಿರುವ ರಕ್ಷಣೆ ಅನ್ವಯವಾಗುವುದಿಲ್ಲ. ಅಲ್ಲಿ ರಕ್ಷಣೆ ಇರುವ ಪಾವತಿಗೂ ತಕರಾರು ಎತ್ತಲು ಹಣ ಕೊಟ್ಟ ದಿನದಿಂದ 180 ದಿನಗಳ ಗಡುವಿದೆ. ಟೈಮ್‌ಶೇರ್ ವಾರಗಳನ್ನು ಹಲವರು ಎಂಟು ಹತ್ತು ತಿಂಗಳು ಮುಂಚೆಯೇ ಗೊತ್ತುಮಾಡುತ್ತಾರೆ. ಎಂದರೆ ರೆಸಾರ್ಟಿನ ಬಾಗಿಲಿಗೆ ಹೋಗಿ ನಿಲ್ಲುವಷ್ಟರಲ್ಲಿ ಆ ಗಡುವು ಮುಗಿದು ತಿಂಗಳುಗಳೇ ಕಳೆದಿರಬಹುದು. ಬಾಡಿಗೆದಾರ ಕೋಣೆ ಸೇರುವವರೆಗೆ ಹಣವನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಬಾಡಿಗೆ ಜಾಲತಾಣಗಳಿಗೆ ಸ್ವಲ್ಪ ಹೆಚ್ಚು ಶುಲ್ಕ ಕೊಡುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಖರ್ಚು. ಜಾಹೀರಾತಿನ ಹಣ ಪಡೆದು, ತೊಂದರೆಯಾದಾಗ ತಾವು ಬರೀ ವೇದಿಕೆ ಎಂದು ಕೈತೊಳೆದುಕೊಳ್ಳುವ ತಾಣಗಳನ್ನು ನಾನು ಒಪ್ಪಲಾರೆ.

ಮಾಲೀಕರ ಕಷ್ಟವನ್ನೂ ಮರೆಯುವಂತಿಲ್ಲ. ಅಪರಿಚಿತ ಕುಟುಂಬವೊಂದು ಕೋಣೆಯಲ್ಲಿ ಏನನ್ನಾದರೂ ಮುರಿದರೆ ರೆಸಾರ್ಟ್ ಕೊನೆಗೆ ಮಾಲೀಕರನ್ನೇ ಕೇಳಬಹುದು. ಬಾಡಿಗೆದಾರ ಕಡೆಯ ಗಳಿಗೆಯಲ್ಲಿ ಹಿಂದೆ ಸರಿದರೆ ಆ ವಾರ ಖಾಲಿ ಉಳಿಯುತ್ತದೆ, ಶುಲ್ಕವನ್ನಂತೂ ಕಟ್ಟಲೇಬೇಕು. ಮುಂಗಡ ಕೇಳುವುದು ಅವರ ಹಕ್ಕು.

ಈ ವರ್ಷ ಬೇರೊಬ್ಬ ಮಾಲೀಕರ ವಾರವನ್ನು ಗೊತ್ತುಮಾಡುವಾಗ, ಶುಲ್ಕ ಬಾಕಿಯಿದ್ದು ಕೋಣೆ ಸಿಗದಿದ್ದರೆ ಏಳು ದಿನದೊಳಗೆ ಪೂರ್ತಿ ಹಣ ವಾಪಸು ಎಂಬ ಷರತ್ತು ಸೇರಿಸಿ ಒಂದು ಪುಟದ ಕರಾರು ಬರೆದು ಕಳುಹಿಸಿದೆ. ಅವರು ಅದನ್ನು ಓದಿ, ಕೋಣೆಗೆ ಹಾನಿಯಾದರೆ ನಾನು ಭರಿಸಬೇಕೆಂಬ ಒಂದು ಸಾಲು ಸೇರಿಸಿ ಸಹಿ ಹಾಕಿದರು. ಆಮೇಲೆ ತಾವೇ ರೆಸಾರ್ಟಿಗೆ ಕರೆ ಮಾಡಿ ನನ್ನನ್ನೂ ಅದೇ ಕರೆಗೆ ಸೇರಿಸಿಕೊಂಡರು. ರಿಸೆಪ್ಷನ್‌ನವರು ನನ್ನ ಹೆಸರು, ದಿನಾಂಕ, ಕೋಣೆಯ ಬಗೆ ಇವನ್ನು ಓದಿ ಹೇಳಿ, ಮಾಲೀಕರ ಅನುಮತಿ ಕೇಳಿಕೊಂಡು, ಈ ವರ್ಷದ ಶುಲ್ಕ ಪಾವತಿಯಾಗಿದೆ ಎಂದರು. ಅಂದು ಸಂಜೆಯೇ ಅರ್ಧ ಹಣ ಕಳುಹಿಸಿದೆ. ಉಳಿದರ್ಧ ಕೋಣೆಯ ಕೀಲಿ ಕೈಗೆ ಬಂದ ದಿನಕ್ಕೆಂದು ಕರಾರಿನಲ್ಲಿ ಬರೆದಿದೆ.