ತಲೆ ಓಡದಿದ್ದಾಗ ಕೈಯನ್ನಾದರೂ ನಿಧಾನ ಮಾಡಿ

ಕೆಲಸ ಮೈಮೇಲೆ ಬಿದ್ದ ದಿನ ನಾವು ನಿಜವಾಗಿ ಏನು ಮಾಡುತ್ತಿರುತ್ತೇವೆ ಅಂತ ಒಮ್ಮೆ ಗಮನಿಸಿ. ಮೇಲ್ ತೆರೆಯುತ್ತೇವೆ, ಅರ್ಧ ಉತ್ತರ ಬರೆಯುತ್ತೇವೆ, ಅಷ್ಟರಲ್ಲಿ ಕಟ್ಟದ ಬಿಲ್ ನೆನಪಾಗುತ್ತದೆ, ಅದಕ್ಕೆ ಫೋನ್ ತೆಗೆದರೆ ಅಲ್ಲಿ ಓದದ ಮೆಸೇಜುಗಳ ಸಾಲು, ಅದನ್ನೆಲ್ಲ ನೋಡಿ ಮುಗಿಸುವ ಹೊತ್ತಿಗೆ ಫೋನ್ ಯಾಕೆ ತೆಗೆದೆ ಅನ್ನೋದೇ ಮರೆತಿರುತ್ತದೆ. ಸಂಜೆಗೆ ಮೈಯೆಲ್ಲ ಸುಸ್ತು. ಮುಗಿದಿದ್ದು ಮಾತ್ರ ಏನೂ ಇಲ್ಲ.

ಆಗ ಇನ್ನೂ ಜೋರಾಗಿ ಓಡಬೇಕು ಅನಿಸುತ್ತದೆ, ಅಲ್ವಾ? ತೊಂದರೆ ಇರುವುದೇ ಅಲ್ಲಿ.

ಒಂದೇ ಸಲಕ್ಕೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳಲು ಇರುವ ಜಾಗ ತೀರಾ ಚಿಕ್ಕದು. ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ 1956ರಲ್ಲಿ ಏಳು ಸಂಗತಿಗಳ ಆಸುಪಾಸು ಅಂದಿದ್ದರು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. ನಾಲ್ಕು! ನಾವೋ ಇಪ್ಪತ್ತು ಚಿಂತೆ ತುರುಕಿಕೊಂಡು ಕೂತಿರುತ್ತೇವೆ. ಸಾಲದ್ದಕ್ಕೆ, ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಅಂತ ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಅಂದರೆ ಅವಸರಕ್ಕೆ ಬಿದ್ದು ಕೆಲಸದಿಂದ ಕೆಲಸಕ್ಕೆ ಹಾರಿದಷ್ಟೂ, ಮುಂದಿನದಕ್ಕೆ ಉಳಿಯುವ ತಲೆ ಕಮ್ಮಿ.

ನಾನು ಮಾಡುವುದು ಇಷ್ಟೇ. ಎಲ್ಲ ಮುಚ್ಚಿಟ್ಟು, ಒಂದು ಹಾಳೆ ತೆಗೆದು, ತಲೆಯಲ್ಲಿರುವುದನ್ನೆಲ್ಲ ಅದರ ಮೇಲೆ ಸುರಿಯುತ್ತೇನೆ. ಕ್ರಮ ಬೇಡ, ಅಕ್ಷರ ಚೆನ್ನಾಗಿರೋದೂ ಬೇಡ. ಆ್ಯಪ್ ಬಳಸುವವರಿದ್ದಾರೆ, ಬಳಸಲಿ, ನನಗಂತೂ ಫೋನ್ ತೆರೆದರೆ ಮತ್ತೆ ಅದೇ ಕಥೆ. ಆಮೇಲೆ ಪ್ರತಿ ಸಾಲಿನ ಪಕ್ಕ ಮೊದಲು ಕೈ ಹಾಕಬೇಕಾದ್ದು ಏನು ಅಂತ ಬರೆಯುತ್ತೇನೆ. 'ವರದಿ' ಅಂತ ಬರೆದರೆ ನೋಡಿದ ಕೂಡಲೇ ಎದೆ ಭಾರ. 'ಹಳೇ ವರದಿಯ ಫೈಲ್ ತೆರೆದು ತಲೆಬರಹ ಬದಲಿಸು' ಅಂತ ಬರೆದರೆ, ಅದೇನು ಎರಡು ನಿಮಿಷದ ಕೆಲಸ. ಮುಗಿಯದ ಕೆಲಸ ತಲೆ ತಿನ್ನುವುದು ನಿಲ್ಲಲು ಅದು ಮುಗಿಯಲೇಬೇಕು ಅಂತೇನಿಲ್ಲ, ಹೇಗೆ ಮಾಡುತ್ತೇನೆ ಅನ್ನುವ ಖಚಿತ ಯೋಜನೆ ಇದ್ದರೂ ಕಾಟ ಕಮ್ಮಿಯಾಗುತ್ತದೆ ಅಂತ ಮನಶ್ಶಾಸ್ತ್ರಜ್ಞರಾದ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ಹೇಳುತ್ತವೆ. ಬರೆದ ಮೇಲೆ ಹಗುರ ಅನಿಸುವುದು ಸುಮ್ನೆ ಅಲ್ಲ.

ಈಗ ಅದರಲ್ಲಿ ಒಂದನ್ನು ಮಾತ್ರ ಎತ್ತಿಕೊಳ್ಳಿ. ಅತಿ ಮುಖ್ಯವಾದದ್ದೇ ಆಗಬೇಕಿಲ್ಲ, ಆ ವಿಂಗಡಣೆಯಲ್ಲೇ ಅರ್ಧ ದಿನ ಕಳೆಯುವವರನ್ನು ನೋಡಿದ್ದೇನೆ. ಯಾವುದು ಜಾಸ್ತಿ ಕಾಡುತ್ತಿದೆಯೋ ಅದು ಸಾಕು. ಬೇಕಂತಲೇ ನಿಧಾನವಾಗಿ ಮಾಡಿ. ಓದುವುದಾದರೆ ಒಂದೊಂದೇ ಸಾಲು, ಟೈಪ್ ಮಾಡುವುದಾದರೆ ಅರ್ಧ ವೇಗ. ಶುರುವಿನಲ್ಲಿ ಸಿಟ್ಟು ಬರುತ್ತದೆ, ಇಷ್ಟೆಲ್ಲ ಬಾಕಿ ಇರುವಾಗ ಇದೇನು ಆಟ ಅಂತ. ಬರಲಿ ಬಿಡಿ. 'ದೀರ್ಘವಾಗಿ ಉಸಿರಾಡಿ' ಅಂತ ಯಾರಾದರೂ ಹೇಳಿದರೆ ನನಗೂ ಮೈ ಉರಿಯುತ್ತದೆ. ಆದರೆ ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ಇಳಿಯುವುದು ಮಾತ್ರ ದೇಹದ ಲೆಕ್ಕ, ಯಾರ ಉಪದೇಶವೂ ಅಲ್ಲ. ಅದಕ್ಕೇ ಬಿಡುವ ಉಸಿರನ್ನು ತುಸು ಉದ್ದ ಮಾಡಿದರೆ ಸಾಕು.

ಕೆಲವು ದಿನ ಹಾಳೆ ಬೇರೆಯದನ್ನೇ ಹೇಳುತ್ತದೆ. ಎಲ್ಲ ಬರೆದು ನೋಡಿದಾಗ ಇದು ಒಬ್ಬರಿಂದ ಆಗುವ ಕೆಲಸವೇ ಅಲ್ಲ ಅಂತ ಗೊತ್ತಾಗುತ್ತದೆ. ಅಂಥ ದಿನ ಯಾವ ಉಪಾಯವೂ ನಡೆಯುವುದಿಲ್ಲ. 'ಈ ವಾರ ಆಗಲ್ಲ' ಅಂತ ಯಾರಿಗೆ ಹೇಳಬೇಕೋ ಅವರ ಹೆಸರನ್ನು ಪಟ್ಟಿಯ ಮೇಲ್ಗಡೆ ಬರೆದು, ಮೊದಲು ಅವರಿಗೆ ಫೋನ್ ಮಾಡಿ.